ಮೊದಲ ದಿನದ ಬಿಸಿ

ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವನನ್ನು ಯಾರೂ ನೋಡುವುದಿಲ್ಲ. ಹಾಡುವವನಿಗೆ ಶಾಲು, ಕೀಬೋರ್ಡಿನವನಿಗೆ ಶಿಳ್ಳೆ, ಡ್ರಮ್ಮಿನವನ ಸುತ್ತ ಊರಿನ ಮಕ್ಕಳೆಲ್ಲ. ನಾಲ್ಕು ದಪ್ಪ ತಂತಿಯ ಗಿಟಾರ್ ಹಿಡಿದು ಹಿಂದೆ ನಿಂತವನು ಏನು ಮಾಡುತ್ತಿದ್ದಾನೆ ಎಂದು ಕೇಳಿದರೆ ಕಾರ್ಯಕ್ರಮಕ್ಕೆ ಕರೆಸಿದವರಿಗೂ ಗೊತ್ತಿರುವುದಿಲ್ಲ. ಅವನು ನಿಲ್ಲಿಸಿದರೆ ಮಾತ್ರ ಹಾಡಿನ ಕಾಲ ಕೆಳಗಿನ ನೆಲ ಹೋದಂತಾಗುತ್ತದೆ. ಗೌರೀಶ ಇಪ್ಪತ್ತು ವರ್ಷ ಹಾಗೆ ಹಿಂದೆ ನಿಂತವನು. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರದ ಮದುವೆ ಮಂಟಪಗಳಲ್ಲಿ ಅವನು ನಿಲ್ಲದ ಮೂಲೆಯಿಲ್ಲ.

ಆಮೇಲೆ ಕೀಬೋರ್ಡಿನವನ ಎಡಗೈಯೇ ಬೇಸ್ ನುಡಿಸತೊಡಗಿತು. ಅದಾದ ಮೇಲೆ ಆ ಎಡಗೈಯೂ ಬೇಡವಾಯಿತು, ಪೆನ್‌ಡ್ರೈವ್ ಸಾಕಾಯಿತು. ಒಂದು ವರ್ಷದಲ್ಲಿ ಗೌರೀಶನಿಗೆ ಬಂದ ಕರೆಗಳು ಮೂರು. ಅದರಲ್ಲಿ ಒಂದು, ಗಿಟಾರ್ ಮಾರುತ್ತೀಯಾ ಎಂದು ಕೇಳಲಿಕ್ಕೆ.

ಹಾಗಿರುವಾಗ ಮೇ ತಿಂಗಳ ಕೊನೆಯಲ್ಲಿ ಹುಣಸೂರಿನ ಬಸವಪ್ರಸಾದ್ ಫೋನ್ ಮಾಡಿದ. ಅವನು ಗಿಟಾರ್ ನುಡಿಸುವವನು, ಹಳೆಯ ಜೊತೆಗಾರ.

"ಕೋಟೆ ಕಡೆ ಡ್ಯಾಮಿನ ಇನ್ನೀರು ಪಕ್ಕ ಒಂದು ರೆಸಾರ್ಟ್ ಅದೆ ಕಣ್ಲಾ. ವಾರಕ್ಕೆ ನಾಕು ದಿನ ಸಂಜೆ ಹೊತ್ತು ನುಡಿಸ್ಬೇಕು. ಗೌರಿ ಹಬ್ಬ ಕಳೆದ ಮ್ಯಾಲಿನ ಸೋಮವಾರದಿಂದ ಸುರು. ಆದ್ರೆ ಕಾಡು ಪಕ್ಕದಲ್ಲೇ ಅದೆ, ಸ್ಪೀಕರ್ ಹಾಕೋ ಅಂಗಿಲ್ಲ. ಎಲ್ಲ ಬರೀ ಮರದ ವಾದ್ಯ."

"ನಂದು ಕರೆಂಟಿಲ್ದೆ ಸೊಳ್ಳೆ ಕೂಗ್ದಂಗೆ ಕೇಳ್ತದೆ ಕಣೋ."

"ಅದುಕ್ಕೇ ಹೇಳ್ತಿರೋದು. ನಿಂತ್ಕೊಂಡು ನುಡಿಸೋ ದೊಡ್ಡ ಬೇಸ್ ಒಂದು ಎಲ್ಲಾದ್ರೂ ಹುಡುಕು. ಸಿಕ್ಕಿದ್ರೆ ಆ ಜಾಗ ನಿಂದೇ. ಸಿಗ್ನಿಲ್ಲ ಅಂದ್ರೆ ನಾನು ಮೈಸೂರಿನವ್ರನ್ನ ನೋಡ್ಕಬೇಕಾಯ್ತದೆ, ಬೇಜಾರು ಮಾಡ್ಕಬ್ಯಾಡ."

ಹೊಸದರ ಬೆಲೆ ವಿಚಾರಿಸಿ ಗೌರೀಶ ಒಂದು ದಿನ ಊಟ ಬಿಟ್ಟ. ಆಮೇಲೆ ಯಾರೋ ಹೇಳಿದರು, ಭೇರ್ಯದಲ್ಲಿ ಭಾಗ್ಯಮ್ಮ ಅಂತ ಇದ್ದಾರೆ, ಅವರ ಯಜಮಾನರು ಸ್ವಾಮಿ ಅನ್ನುವವರು ಮದ್ರಾಸಿನಲ್ಲಿ ಸಿನಿಮಾ ರೆಕಾರ್ಡಿಂಗಿಗೆ ನುಡಿಸುತ್ತಿದ್ದವರು, ತೀರಿಕೊಂಡು ಬಹಳ ಕಾಲವಾಯಿತು, ಅವರ ವಾದ್ಯ ಇನ್ನೂ ಮನೆಯಲ್ಲಿದೆ ಎಂದು. ಅದು ಭತ್ತದ ಮೂಟೆಗಳ ಹಿಂದೆ, ಹಳೆಯ ಸೀರೆ ಹೊದ್ದು ಗೋಡೆಗೆ ಮುಖ ಮಾಡಿ ನಿಂತಿತ್ತು. ಆಳೆತ್ತರಕ್ಕಿಂತ ಹೆಚ್ಚು. ನಾಲ್ಕರಲ್ಲಿ ಒಂದು ತಂತಿ ಇರಲಿಲ್ಲ. ಬಣ್ಣ ಅಲ್ಲಲ್ಲಿ ಎದ್ದಿತ್ತು. ಗೌರೀಶ ಧೂಳು ಒರೆಸಿ ಇದ್ದ ತಂತಿಗಳಲ್ಲಿ ಅತಿ ದಪ್ಪದ್ದನ್ನು ಒಮ್ಮೆ ಮೀಟಿದ. ಒಳಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಭಾಗ್ಯಮ್ಮನ ಕೈ ನಿಂತುಹೋಯಿತು.

ಆಕೆ ಕೇಳಿದ್ದು ಬಲು ಕಡಿಮೆ. ಗೌರೀಶ ತನ್ನ ಆಂಪ್ಲಿಫೈಯರ್ ಮಾರಿದ ಹಣದಲ್ಲೇ ಅದು ಬಂತು. ಲಗೇಜ್ ಆಟೋ ಹೊರಡುವಾಗ ಭಾಗ್ಯಮ್ಮ ಒಂದು ಕಾಗದದ ಪೊಟ್ಟಣ ತಂದು ಅವನ ಕೈಗಿಟ್ಟರು. ಒಳಗೆ ಕಂದು ಬಣ್ಣದ, ಗಾಜಿನ ಚೂರಿನಂಥ ತುಣುಕುಗಳು.

"ಮರವಜ್ರ ಕಣಪ್ಪ. ಇದುಕ್ಕೆ ಇದೇ ಅಂಟು ಹಾಕ್ಬೇಕು, ಅಂಗಡಿದು ಹಾಕ್ಬಾರ್ದು ಅಂತಿದ್ರು ನಮ್ಮೆಜಮಾನ್ರು. ಬಿಸಿ ತಾಗಿದ್ರೆ ಬಿಟ್ಕತದೆ, ಆದ್ರೆ ಮರ ಸೀಳಲ್ಲ ಅಂತಿದ್ರು. ಇಟ್ಕ."

ಗೌರೀಶ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. ಮನೆಗೆ ಬಂದು ಗೂಡಿನಲ್ಲಿಟ್ಟ. ಆ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ತೋಚಲೇ ಇಲ್ಲ, ಆ ತಪ್ಪು ಅವನದೇ.

ರಾವಂದೂರಿನ ಪಕ್ಕದ ಅವನ ಹಳ್ಳಿಯಲ್ಲಿ ಆಟೋ ನಿಂತಾಗ ಜನ ಕೂಡಿದರು. ವೀಣೆಗೆ ಏನು ಹಾಕಿ ಸಾಕಿದ್ದೀರಿ ಎಂದು ಒಬ್ಬ ಕೇಳಿದ. ಬೀರು ಬಾಗಿಲು ಯಾವ ಕಡೆ ಎಂದು ಇನ್ನೊಬ್ಬ ಕೇಳಿದ. ಗೌರೀಶನ ಹೆಂಡತಿ ಪೂಜಾ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ನಗದೆ ಇದ್ದವರು ಒಬ್ಬರೇ, ಜಗಲಿಯ ಮೇಲೆ ಕೂತಿದ್ದ ಗೌರೀಶನ ಅಪ್ಪ ಸಿದ್ದಮಲ್ಲಪ್ಪ.

ಸಿದ್ದಮಲ್ಲಪ್ಪನವರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಹೊಗೆಸೊಪ್ಪು ಬೇಯಿಸುವುದರಲ್ಲಿ ಸುತ್ತಮುತ್ತ ಅವರಂಥವರಿಲ್ಲ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಎನ್ನುವ ಆ ಎತ್ತರದ ಕೋಣೆಯಲ್ಲಿ ನೇತುಹಾಕಿ, ಹೊರಗಿನ ಒಲೆಯಿಂದ ಬಿಸಿ ಕೊಡಬೇಕು. ಮೊದಲ ದಿನ ಮೈ ಬಿಸಿಯಷ್ಟು, ಸೊಪ್ಪು ಹಳದಿಯಾಗಲಿಕ್ಕೆ. ಆಮೇಲೆ ಏರಿಸುತ್ತ ಹೋಗಿ, ಕೊನೆಯ ದಿನ ಒಳಗೆ ಕಾಲಿಟ್ಟರೆ ಉಸಿರು ಕಟ್ಟುವಷ್ಟು, ದಂಟು ಒಣಗಲಿಕ್ಕೆ. ಒಂದಿಷ್ಟು ಹೆಚ್ಚುಕಡಿಮೆಯಾದರೂ ಹರಾಜಿನಲ್ಲಿ ಮೂಸಿ ನೋಡುವವರಿಲ್ಲ. ಎಲ್ಲರೂ ಥರ್ಮಾಮೀಟರ್ ನೋಡುತ್ತಾರೆ. ಸಿದ್ದಮಲ್ಲಪ್ಪ ಬಾಗಿಲು ಸರಿಸಿ ಅಂಗೈ ಚಾಚುತ್ತಿದ್ದರು, ಅಷ್ಟೆ. ನಲವತ್ತು ವರ್ಷದಲ್ಲಿ ಒಂದು ಬ್ಯಾರನ್ ಕೂಡ ಕೆಡಿಸಿದವರಲ್ಲ. ಊರಿನಲ್ಲಿ ಯಾರ ಸೊಪ್ಪಿನ ಮೇಲೆ ಅನುಮಾನ ಬಂದರೂ ಅವರನ್ನು ಕರೆದುಕೊಂಡು ಹೋಗಿ ಕೈ ಚಾಚಿಸುತ್ತಿದ್ದರು.

ಅಂಥವರಿಗೆ ಮಗನ ಕೆಲಸ ಏನೆಂದು ತಿಳಿದಿರಲಿಲ್ಲ. ತಿಳಿಯಬೇಕೆಂದು ಒಮ್ಮೆ ಪಿರಿಯಾಪಟ್ಟಣದ ಒಂದು ಮದುವೆಗೆ ಬಂದು ಸ್ಪೀಕರ್ ಪಕ್ಕದಲ್ಲೇ ಮೂರು ಗಂಟೆ ಕೂತಿದ್ದರು. ಮನೆಗೆ ಬಂದ ಮೇಲೆ, "ಚೆನ್ನಾಗಿತ್ತು ಕಣಪ್ಪ. ಅದ್ರಲ್ಲಿ ನಿಂದು ಯಾವುದು ಅಂತ ಮಾತ್ರ ಗೊತ್ತಾಗ್ನಿಲ್ಲ" ಎಂದರು. ಆ ಮಾತು ಗೌರೀಶನ ಎದೆಯಲ್ಲಿ ಹದಿನೈದು ವರ್ಷದಿಂದ ಮುಳ್ಳಾಗಿ ಉಳಿದಿತ್ತು. ಅಪ್ಪ ಬೇಕೆಂದು ಚುಚ್ಚಿದ್ದಲ್ಲ ಎಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದರೆ ನೋವು ಹೋಗುತ್ತದೆಯೇ?

ಗೌರೀಶ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಅಭ್ಯಾಸಕ್ಕೆ ನಿಂತ. ತಂತಿ ಕಟ್ಟುವ ಶ್ರುತಿ ಗಿಟಾರಿಗೂ ಇದಕ್ಕೂ ಒಂದೇ, ಬೆರಳಿಗೆ ಮಾತ್ರ ಬೇರೆ ಜನ್ಮ. ಗಿಟಾರಿನಲ್ಲಿ ಫ್ರೆಟ್ ಪಟ್ಟಿಗಳಿದ್ದವು, ಎಲ್ಲಿ ಒತ್ತಬೇಕೆಂದು ಅವೇ ಹೇಳುತ್ತಿದ್ದವು. ಇಲ್ಲಿ ಬರೀ ನುಣುಪಾದ ಕರಿಮರ. ಒಂದು ಕೂದಲೆಳೆ ಆಚೀಚೆಯಾದರೆ ಅಪಸ್ವರ. ಮೊದಲ ವಾರ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದವು, ಎರಡನೇ ವಾರ ಒಡೆದವು. ಪೂಜಾ ಅರಿಸಿನ ಎಣ್ಣೆ ಕಲಸಿ ಹಚ್ಚಿದಳು. ಜುಲೈ ಹೊತ್ತಿಗೆ ಚರ್ಮ ಗಟ್ಟಿಯಾಗಿ, ಸದ್ದು ದುಂಡಗಾಗಿ ಬರತೊಡಗಿತು. ಮೀಟಿದರೆ ಕೊಟ್ಟಿಗೆಯ ಎಮ್ಮೆ ಕಿವಿ ನಿಮಿರಿಸುತ್ತಿತ್ತು.

ಒಂದು ಮಧ್ಯಾಹ್ನ ಅಪ್ಪ ಬಾಗಿಲಲ್ಲಿ ಬಂದು ನಿಂತರು. ಗೌರೀಶ ಸಣ್ಣ ಹುಡುಗನ ಉತ್ಸಾಹದಲ್ಲಿ, "ಅಪ್ಪಾಜಿ, ಬನ್ನಿ ಇಲ್ಲಿ. ಈ ಹಲಗೆ ಮ್ಯಾಲೆ ಕೈ ಇಡಿ" ಎಂದ. ಈ ಸಲ ತನ್ನದು ಯಾವುದೆಂದು ಅಪ್ಪನಿಗೆ ತಿಳಿದೇ ತಿಳಿಯುತ್ತದೆ ಎಂಬ ಆಸೆ ಅವನಿಗೆ. ಸಿದ್ದಮಲ್ಲಪ್ಪ ಅಂಗೈಯನ್ನು ವಾದ್ಯದ ಎದೆಯ ಮೇಲಿಟ್ಟರು. ಗೌರೀಶ ದಪ್ಪ ತಂತಿ ಮೀಟಿದ. ಕೋಣೆಯ ಹಂಚಿನಿಂದ ಮಣ್ಣು ಉದುರಿತು.

"ಅದುರೋದು ಗೊತ್ತಾಯ್ತಾ ಅಪ್ಪಾಜಿ?"

ಸಿದ್ದಮಲ್ಲಪ್ಪ ತಮ್ಮ ಕೈಯನ್ನೇ ನೋಡಿದರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಆಮೇಲೆ ತೆಗೆದರು.

"ಇಲ್ಲ ಕಣಪ್ಪ. ಏನೂ ಗೊತ್ತಾಗ್ನಿಲ್ಲ" ಎಂದು ಹೇಳಿ ಹೋದರು.

ಗೌರೀಶ ಆ ದಿನ ಮತ್ತೆ ತಂತಿ ಮುಟ್ಟಲಿಲ್ಲ. ಅಪ್ಪನಿಗೆ ತನ್ನ ಸಂಗೀತ ಬೇಕಿಲ್ಲ, ಮುಖಸ್ತುತಿಗಾದರೂ ಹೂಂ ಅನ್ನಲಿಲ್ಲ ಎಂದು ಪೂಜಾಳ ಮುಂದೆ ಹೇಳಿಕೊಂಡು ಕಣ್ಣೀರು ಹಾಕಿದ. ನಲವತ್ತು ದಾಟಿದ ಗಂಡಸು ಅಪ್ಪನ ಒಂದು ಹೂಂಗಾಗಿ ಅಳುವುದು ನಗುವ ವಿಷಯವೇನಲ್ಲ.

ಆಗಸ್ಟಿನಲ್ಲಿ ಕೊಡಗಿನ ಕಡೆಯಿಂದ ಜಡಿಮಳೆ ಹಿಡಿಯಿತು. ಹತ್ತು ದಿನ ಬಿಸಿಲೇ ಇಲ್ಲ. ವಾದ್ಯ ತೇವ ಕುಡಿದು ಮಂಕಾಯಿತು. ಮೀಟಿದರೆ ಒಳಗೆಲ್ಲೋ ಜುಂಯ್ ಎನ್ನುವ ಕೆಟ್ಟ ಸದ್ದು. ಹಬ್ಬಕ್ಕೆ ಮೂರೇ ವಾರ ಉಳಿದಿತ್ತು. "ಮರ ನೆನ್ಕೊಬುಟ್ಟದೆ. ಇದನ್ನ ಒಣಗಿಸೋದಾದ್ರೂ ಎಂಗೆ?" ಎಂದು ಗೌರೀಶ ಹಜಾರದಲ್ಲಿ ಗೊಣಗಿದ. ಸಿದ್ದಮಲ್ಲಪ್ಪ ಅಲ್ಲೇ ಗೋಡೆಗೊರಗಿ ಕೂತಿದ್ದರು. ಮಾರನೇ ದಿನ ಗೌರೀಶ ಇಲ್ಲದ ತಂತಿಯನ್ನು ತರಲು ಮೈಸೂರಿಗೆ ಹೋದ.

ಅವನು ಹಿಂದಿರುಗಿದಾಗ ಕೋಣೆ ಖಾಲಿಯಿತ್ತು. ಬ್ಯಾರನ್ನಿನ ಒಲೆಯಲ್ಲಿ ಬೂದಿ ಇನ್ನೂ ಕೆಂಪಗಿತ್ತು.

ಎರಡು ಕೊಯ್ಲಿನ ನಡುವೆ ಬ್ಯಾರನ್ ಖಾಲಿ ಇತ್ತು. ಪೂಜಾ ಹೊಲಕ್ಕೆ ಹೋಗಿದ್ದಾಗ ಸಿದ್ದಮಲ್ಲಪ್ಪ ಒಬ್ಬರೇ ಆ ವಾದ್ಯವನ್ನು ತಬ್ಬಿಕೊಂಡು ಅಂಗಳ ದಾಟಿಸಿ, ಬ್ಯಾರನ್ನಿನೊಳಗೆ ಗೋಣಿ ಹಾಸಿ ನಿಲ್ಲಿಸಿ, ಒಲೆಗೆ ನಾಲ್ಕು ಸೌದೆ ಇಟ್ಟಿದ್ದರು. ಈಗ ಅದು ಗೋಣಿಯ ಮೇಲೆ ಬಿದ್ದಿತ್ತು. ಮುಂದಿನ ಹಲಗೆ ಪಕ್ಕದ ಪಟ್ಟಿಗಳಿಂದ ಬಿಟ್ಟುಕೊಂಡು ಬಾಯಿ ತೆರೆದಿತ್ತು. ಕತ್ತು ಮುಂದಕ್ಕೆ ಜೋತಿತ್ತು. ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಮೈಸೂರಿನಿಂದ ತಂದ ಹೊಸ ತಂತಿ ಗೌರೀಶನ ಕೈಯಲ್ಲೇ ಇತ್ತು.

"ಮೊದಲ ದಿನದ ಬಿಸಿನೇ ಕೊಡಾಣ ಅಂತಿದ್ದೆ ಕಣಪ್ಪ" ಎಂದರು ಸಿದ್ದಮಲ್ಲಪ್ಪ. "ಜಾಸ್ತಿ ಆಗೋಯ್ತು."

"ಜಾಸ್ತಿ ಆಗೋಯ್ತಾ? ನಿಮ್ಗೆ?" ಗೌರೀಶ ಕೂಗಿಬಿಟ್ಟ. "ಇಡೀ ಊರಿಗೆ ಬಿಸಿ ನೋಡಿ ಹೇಳೋರು ನೀವು. ಒಂದು ಎಲೆ ಕೆಡಿಸ್ದೋರಲ್ಲ. ನನ್ನದೊಂದು ವಾದ್ಯಕ್ಕೆ ಬಿಸಿ ಜಾಸ್ತಿ ಆಗೋಯ್ತಾ?"

ಸಿದ್ದಮಲ್ಲಪ್ಪ ಕೂತಲ್ಲಿಂದಲೇ ಗೋಣಿಯ ಅಂಚು ಸರಿಮಾಡಿದರು.

"ಬೇಕು ಅಂತ್ಲೇ ಮಾಡ್ದೆ ನೀನು. ಮಗ ಹೊಲ ಗೇಯಲಿಲ್ಲ, ತಂತಿ ಹಿಡ್ಕೊಂಡು ನಿಂತ ಅನ್ನೋ ಸಿಟ್ಟು ನಿಂಗೆ. ಇವತ್ತು ತೀರಿಸ್ಕೊಂಡೆ."

ಹುಟ್ಟಿದಾಗಿನಿಂದ ಅಪ್ಪನಿಗೆ ನೀವು ಎಂದೇ ಬಂದವನ ಬಾಯಲ್ಲಿ ನೀನು ಎಂದು ಬಂದದ್ದು ಅದೇ ಮೊದಲು. ಪೂಜಾ ಬಾಗಿಲಲ್ಲಿ ನಿಂತವಳು, "ರೀ, ಸುಮ್ಕಿರಿ" ಎಂದಳು. ಸಿದ್ದಮಲ್ಲಪ್ಪ ಎರಡೂ ಕೈಗಳನ್ನು ಪಂಚೆಯೊಳಗೆ ಸೇರಿಸಿಕೊಂಡು, "ಅಂಗೇ ಅನ್ಕೋ ಬುಡಪ್ಪ" ಎಂದು ಎದ್ದುಹೋದರು.

ಅಲ್ಲ ಅನ್ನಲಿಲ್ಲವಲ್ಲ, ಒಪ್ಪಿಕೊಂಡ ಹಾಗಾಯಿತಲ್ಲ ಎಂದು ಗೌರೀಶ ತಿಳಿದ. ಬಸವಪ್ರಸಾದನಿಗೆ ಫೋನ್ ಮಾಡಿ ಹೇಳಿದ. ಅವನು "ನಾನೇನು ಮಾಡ್ಲಿ ಹೇಳು" ಎಂದ. ಗೌರಿ ಬಂದಳು, ಹೋದಳು. ಆ ಸೋಮವಾರ ಸಂಜೆ ಹಿನ್ನೀರಿನ ದಡದಲ್ಲಿ ಮೈಸೂರಿನ ಯಾವನೋ ಹುಡುಗ ಗೌರೀಶನ ಜಾಗದಲ್ಲಿ ನಿಂತು ನುಡಿಸಿದ. ಮನೆಯಲ್ಲಿ ತಂದೆ ಮಗನ ನಡುವೆ ಮಾತಿಲ್ಲ. ಊಟಕ್ಕೆ ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ. ಪೂಜಾ ಒಂದೇ ಅಡುಗೆಯನ್ನು ಎರಡು ಸಲ ಬಡಿಸಿದಳು.

ಗೂಡು ಗುಡಿಸುವಾಗ ಪೊಟ್ಟಣ ಸಿಕ್ಕಿದ್ದು ಅವಳಿಗೇ. ಬಿಚ್ಚಿ ನೋಡಿ ಗಂಡನ ಮುಂದಿಟ್ಟು, ಭಾಗ್ಯಮ್ಮ ಹೇಳಿದ್ದನ್ನು ಅವನ ಬಾಯಿಂದಲೇ ಕೇಳಿ ತಿಳಿದಳು. "ಮರ ಎಲ್ಲೂ ಸೀಳಿಲ್ಲ ಕಣ್ರೀ, ನಾನು ನೋಡ್ದೆ. ಬಿಟ್ಕೊಂಡದೆ ಅಷ್ಟೆ. ಕೆಲಸ ಹೋಯ್ತು, ಹೋಗ್ಲಿ. ಅದನ್ನ ಹಂಗೇ ಹೆಣದಂಗೆ ಮಲಗಿಸ್ಕೊಂಡಿದ್ರೆ ಮನೇಲಿ ಯಾರಿಗೆ ನೆಮ್ಮದಿ?"

ಮರವಜ್ರವೆಂದರೆ ದನದ ಚರ್ಮ, ಗೊರಸು ಬೇಯಿಸಿ ಮಾಡುವ ಅಂಟು. ಲಿಂಗ ಕಟ್ಟಿದವರ ಮನೆಯ ಅಡುಗೆ ಒಲೆಯ ಮೇಲೆ ಅದನ್ನು ಇಡುವಂತಿಲ್ಲ. ನೀರಲ್ಲಿ ನೆನೆಸಿದ್ದನ್ನು ಹಳೆಯ ಡಬ್ಬಿಯೊಂದರಲ್ಲಿ ಹಾಕಿಕೊಂಡು ಗೌರೀಶ ಬ್ಯಾರನ್ನಿನ ಒಲೆಗೇ ಬಂದು ಕಾಯಲು ಇಟ್ಟ. ಬಿಡಿಬಿಡಿಯಾದ ವಾದ್ಯವನ್ನು ಚಾಪೆಯ ಮೇಲೆ ಜೋಡಿಸಿದ. ಅವನು ಹಲಗೆಯ ಅಂಚಿನ ಹಳೆಯ ಅಂಟು ಕೆರೆಯುತ್ತಿದ್ದಾಗ ಸಿದ್ದಮಲ್ಲಪ್ಪ ಬಂದು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ನಾನು ನೋಡ್ಕತೀನಿ ಬುಡು. ಎಷ್ಟು ಬಿಸಿ ಆಗ್ಬೇಕು?"

ಬೇಡ ಎನ್ನಬೇಕೆಂದು ಗೌರೀಶನಿಗೆ ನಾಲಿಗೆ ತುದಿಗೆ ಬಂದಿತ್ತು. "ಬೆರಳು ತಡಿಯೋವಷ್ಟು. ಕುದೀಬಾರ್ದು" ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಒಂದು ತಿಂಗಳಲ್ಲಿ ಅವನು ಅಪ್ಪನೊಡನೆ ಆಡಿದ ಮೊದಲ ಮಾತು ಅದು.

ಸ್ವಲ್ಪ ಹೊತ್ತಾಯಿತು. ಕೆಟ್ಟ ವಾಸನೆ ಎದ್ದಿತು. "ಆಯ್ತಾ?" ಎಂದು ಗೌರೀಶ ತಲೆಯೆತ್ತದೆ ಕೇಳಿದ.

"ಇನ್ನೂ ಇಲ್ಲ ಕಣಪ್ಪ. ಬೆಚ್ಚಗೂ ಆಗಿಲ್ಲ. ತಡಿ."

ಗೌರೀಶ ತಿರುಗಿ ನೋಡಿದ. ಡಬ್ಬಿಯಲ್ಲಿ ಅಂಟು ಗುಳುಗುಳು ಕುದಿಯುತ್ತಿತ್ತು. ಹೊಗೆಯಿಂದ ಅಪ್ಪನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕಣ್ಣು ಮುಚ್ಚಿ ಕೂತಿದ್ದರು. ಅವರ ಬಲಗೈಯ ಎರಡು ಬೆರಳು ಗೆಣ್ಣಿನವರೆಗೂ ಆ ಕುದಿಯುವ ಅಂಟಿನೊಳಗಿದ್ದವು.

"ಅಪ್ಪಾಜೀ!"

ಅವನು ಹಾರಿ ಬಂದು ಕೈ ಎಳೆದ. ಅಂಟು ಬೆರಳಿಗೆ ಮೆತ್ತಿಕೊಂಡಿತ್ತು. ಪಕ್ಕದ ಬಕೆಟ್ಟಿಗೆ ಕೈಯನ್ನು ಅದ್ದಿ ಹಿಡಿದ. ಚರ್ಮ ಆಗಲೇ ಬೆಳ್ಳಗೆ ಸುಲಿದು ಏಳುತ್ತಿತ್ತು. ಸಿದ್ದಮಲ್ಲಪ್ಪ ನೋವೆನ್ನಲಿಲ್ಲ. ಕಣ್ಣು ಬಿಟ್ಟು, ತಮ್ಮ ಬೆರಳನ್ನು ನೋಡಿ, ಮಗನ ಮುಖ ನೋಡಿದರು. ಕದ್ದು ಸಿಕ್ಕಿಬಿದ್ದವರ ಮುಖ ಅದು.

"ಎಷ್ಟು ದಿನದಿಂದ ಅಪ್ಪಾಜಿ?"

"ಎರಡು ವರ್ಷ ಆಯ್ತು" ಎಂದರು ಸಿದ್ದಮಲ್ಲಪ್ಪ. "ಸಕ್ಕರೆ ಕಾಯ್ಲೆ ಅಲ್ವಾ. ಮೊದ್ಲು ಪಾದ ಜೋಮು ಹಿಡೀತು. ಆಮ್ಯಾಲೆ ಬೆರಳು. ಈಗ ಅಂಗೈನೂ ಇಲ್ಲ."

"ಮತ್ತೆ ಸೊಪ್ಪು? ಎರಡು ವರ್ಷ ಎಂಗೆ ಬೇಯಿಸಿದ್ರಿ?"

"ಸೊಪ್ಪು ಬಣ್ಣ ತೋರಿಸ್ತದೆ ಕಣಪ್ಪ. ವಾಸನೆ ಕೊಡ್ತದೆ. ಜನ ನೋಡ್ಲಿ ಅಂತ ಕೈ ಚಾಚ್ತಿದ್ದೆ ಅಷ್ಟೆ. ನಿನ್ನ ಮರ ಬಣ್ಣ ತಿರುಗ್ನಿಲ್ಲ, ವಾಸನೆ ಕೊಡ್ನಿಲ್ಲ. ಇನ್ನೂ ಬೆಚ್ಚಗಾಗಿಲ್ಲ, ಇನ್ನೂ ಬೆಚ್ಚಗಾಗಿಲ್ಲ ಅನ್ಕೊಂಡು ಸೌದೆ ಹಾಕ್ತಾ ಹೋದೆ."

"ಅವತ್ತೇ ಯಾಕೆ ಹೇಳ್ನಿಲ್ಲ? ಬಾಯಿಗೆ ಬಂದಂಗೆ ಅಂದ್ನಲ್ಲ ನಾನು!"

ಸಿದ್ದಮಲ್ಲಪ್ಪ ಬಕೆಟ್ಟಿನ ನೀರಿನೊಳಗಿನ ತಮ್ಮ ಕೈಯನ್ನೇ ನೋಡುತ್ತಿದ್ದರು.

"ಏನಂತ ಹೇಳ್ಲಿ? ಊರವ್ರು ಈ ಕೈ ನೋಡಿ ಮರ್ಯಾದೆ ಕೊಡ್ತಾರೆ. ಕೈ ಸತ್ತೋಗ್ಬುಟ್ಟದೆ ಅನ್ನೋಕಿಂತ ಅಪ್ಪ ಕೆಟ್ಟೋನು ಅಂತ ನೀನೊಬ್ಬ ಅನ್ಕೊಂಡ್ರೇ ವಾಸಿ ಅನ್ನಿಸ್ತು."

ಆಗ ಗೌರೀಶನಿಗೆ ಆ ಮಧ್ಯಾಹ್ನ ನೆನಪಾಯಿತು. ವಾದ್ಯದ ಮೇಲೆ ಅಂಗೈ ಇಟ್ಟು, ತಮ್ಮ ಕೈಯನ್ನೇ ನೋಡಿಕೊಂಡು, ಏನೂ ಗೊತ್ತಾಗಲಿಲ್ಲ ಎಂದ ಅಪ್ಪ. ಅದು ತಾತ್ಸಾರವಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು, ಕೇಳಿಸಿಕೊಂಡವನು ಕಿವುಡನಾಗಿದ್ದ. ಗೌರೀಶ ಆ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತ. ತಾನು ಹಿಡಿದದ್ದೂ ಅಪ್ಪನಿಗೆ ಗೊತ್ತಾಗುತ್ತಿಲ್ಲವಲ್ಲ ಎಂದು ತಿಳಿದು ಇನ್ನೂ ಅತ್ತ.

ಪಿರಿಯಾಪಟ್ಟಣದ ಡಾಕ್ಟರು ಬೆರಳಿಗೆ ಪಟ್ಟಿ ಕಟ್ಟಿ, ಗಾಯ ಮಾಯುತ್ತದೆ, ಸ್ಪರ್ಶ ಮರಳುವುದು ಕಷ್ಟ ಎಂದರು. ಪೂಜಾ ಬ್ಯಾರನ್ನಿಗೆ ಥರ್ಮಾಮೀಟರ್ ತಂದು ತೂಗುಹಾಕಿದಳು. ಊರವರು ಕೇಳಿದರೆ ಮಾವನಿಗೆ ವಯಸ್ಸಾಯಿತು, ಇನ್ನು ನಾನೇ ನೋಡಿಕೊಳ್ಳುತ್ತೇನೆ ಎಂದಳು. ಸಿದ್ದಮಲ್ಲಪ್ಪ ಮಾತ್ರ ಆ ಕಡೆ ಮುಖ ಹಾಕುವುದನ್ನೇ ಬಿಟ್ಟರು. ಯಾರಾದರೂ ಕರೆಯಲು ಬಂದರೆ ಮಲಗಿದ್ದಾರೆ ಎಂದು ಹೇಳಿಸುತ್ತಿದ್ದರು.

ಇನ್ನೊಮ್ಮೆ ಕಾಯಿಸಿದ ಅಂಟಿನಲ್ಲಿ ಗೌರೀಶ ವಾದ್ಯ ಕೂಡಿಸಿದ. ಒತ್ತಿ ಹಿಡಿಯಲು ಸಾಮಾನಿರಲಿಲ್ಲ. ಸೊಪ್ಪು ಕಟ್ಟುವ ದಾರವನ್ನೇ ಸುತ್ತಿ, ಕಡ್ಡಿ ತೂರಿಸಿ ತಿರುಚಿ ಬಿಗಿದ. ಎರಡು ದಿನ ಬಿಟ್ಟು ಬಿಚ್ಚಿದಾಗ ಒಂದು ಭುಜ ಸೊಟ್ಟಗಿತ್ತು. ಮೈಸೂರಿನಿಂದ ತಂದ ಹೊಸ ತಂತಿ ಏರಿಸಿದ. ಮೊದಲಿನ ದುಂಡು ಸದ್ದು ಬರಲಿಲ್ಲ. ಒಂದು ಒಡಕು ದನಿ, ಆದರೂ ದನಿ.

ಅವನು ಅಪ್ಪನನ್ನು ಕರೆದು ವಾದ್ಯದ ಹಿಂದೆ, ನುಡಿಸುವವನು ನಿಲ್ಲುವ ಜಾಗದಲ್ಲಿ ನಿಲ್ಲಿಸಿದ. ಪಟ್ಟಿ ಕಟ್ಟಿದ ಕೈಯನ್ನು ಪಕ್ಕಕ್ಕೆ ಸರಿಸಿ, ವಾದ್ಯದ ಬೆನ್ನನ್ನು ಅವರ ಎದೆಗೆ ಒರಗಿಸಿದ. ತಾನು ಮುಂದೆ ನಿಂತು ದಪ್ಪ ತಂತಿಯನ್ನು ಮೀಟಿದ.

ಸಿದ್ದಮಲ್ಲಪ್ಪ ಬೆಚ್ಚಿದರು. ತಲೆ ವಾಲಿಸಿ, ವಾದ್ಯದ ಸೊಟ್ಟ ಭುಜಕ್ಕೆ ಕೆನ್ನೆ ಕೊಟ್ಟು ನಿಂತರು. ಸದ್ದು ಪೂರಾ ಅಡಗುವವರೆಗೂ ಅಲುಗಾಡಲಿಲ್ಲ.

"ಇದೇನಾ?" ಎಂದರು. "ಇಷ್ಟು ವರ್ಸದಿಂದ ನೀನು ನುಡಿಸ್ತಿದ್ದದ್ದು ಇದೇನಾ ಮಗ?"

"ಊಂ ಅಪ್ಪಾಜಿ. ಇದೇ."

"ಇನ್ನೊಂದು ಸಲ ಹೊಡಿ."

ಅವತ್ತು ಆಡಿದ ಮಾತಿಗೆ ಗೌರೀಶ ತಪ್ಪಾಯಿತು ಎನ್ನಬೇಕಿತ್ತು. ಅವನು ಅದೇ ತಂತಿಯನ್ನು ಮತ್ತೆ ಮೀಟಿದ, ಅಪ್ಪ ಸಾಕು ಎನ್ನುವವರೆಗೂ ಮೀಟುತ್ತಲೇ ಇದ್ದ.